ಸಾಕು ಎನ್ನುವ ಡಬ್ಬಿ

ಮೋಟಾರು ಹಾಕುವುದು ಯಾರಿಗೆ ಬೇಕಾದರೂ ಬರುತ್ತದೆ. ನಿಲ್ಲಿಸುವುದು ಮಾತ್ರ ವಿದ್ಯೆ. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಈ ವಿದ್ಯೆ ಕರಗತವಾದವರು ಒಬ್ಬರೂ ಇದ್ದಂತಿಲ್ಲ. ನಲ್ಲಿಯಲ್ಲಿ ನೀರು ಬಿಟ್ಟ ದಿನ ಬೆಳಗ್ಗೆ ಒಂದೊಂದೇ ಮನೆಯ ಮೋಟಾರು ಗುಂಯ್ ಎನ್ನಲು ಶುರುವಾಗುತ್ತದೆ. ಹಾಕಿದ ಯಜಮಾನರು ಕಾಫಿಗೆ ಕೂರುತ್ತಾರೆ, ಪೇಪರು ಬಿಡಿಸುತ್ತಾರೆ, ರಾಜ್ಯದ ಭವಿಷ್ಯದ ಬಗ್ಗೆ ಚಿಂತೆಗೆ ಬೀಳುತ್ತಾರೆ. ಅಷ್ಟರಲ್ಲಿ ತಾರಸಿಯ ಟ್ಯಾಂಕು ತುಂಬಿ, ನೀರು ಸಜ್ಜದ ಮೇಲಿಂದ ಇಳಿದು, ಬೀದಿಗೆ ಬಂದಿರುತ್ತದೆ. ಆಗ ಎದುರುಮನೆಯಿಂದ ಕೂಗು: "ರೀ, ನಿಮ್ ಟ್ಯಾಂಕು ತುಂಬಿ ಹರೀತಾ ಐತೆ ಕಣ್ರೀ!" ನಮ್ಮ ಬೀದಿಯ ಮಟ್ಟಿಗೆ ಸೆನ್ಸರು ಎಂದರೆ ಎದುರುಮನೆಯವರ ಕಣ್ಣು, ತಂತಿ ಎಂದರೆ ಅವರ ಗಂಟಲು, ಕಂಟ್ರೋಲರು ಎಂದರೆ ಲೋಟ ಕೆಳಗಿಟ್ಟು ಓಡುವ ಯಜಮಾನರು. ಇಂಜಿನಿಯರಿಂಗ್ ಕಾಲೇಜಿನಲ್ಲಿ ಇದನ್ನೇ ಫೀಡ್‌ಬ್ಯಾಕ್ ಕಂಟ್ರೋಲ್ ಎಂದು ಒಂದು ಸೆಮಿಸ್ಟರು ಪೂರ್ತಿ ಪಾಠ ಮಾಡುತ್ತಾರಂತೆ.

ಅದರ ಸಾರ ಇಷ್ಟೆ: ಏನಾಗಿದೆ ಎಂದು ನೋಡು, ಏನಾಗಬೇಕಿತ್ತೋ ಅದಕ್ಕೆ ಹೋಲಿಸು, ವ್ಯತ್ಯಾಸವಿದ್ದರೆ ತಿದ್ದು, ತಿದ್ದಿದ ಮೇಲೆ ಮತ್ತೆ ನೋಡು. ಈ ಕೊನೆಯ 'ಮತ್ತೆ ನೋಡು'ವಿನಲ್ಲೇ ಇರುವುದು ಮರ್ಮ. ಮೂಲೆಮನೆಯವರು ಮೋಟಾರಿಗೆ ಟೈಮರು ಹಾಕಿಸಿದ್ದಾರೆ. ಇಪ್ಪತ್ತು ನಿಮಿಷಕ್ಕೆ ಟಕ್ಕೆಂದು ನಿಲ್ಲುತ್ತದೆ. ವೋಲ್ಟೇಜು ಇಳಿದ ದಿನ ಅರ್ಧ ಟ್ಯಾಂಕಿಗೆ ನಿಲ್ಲುತ್ತದೆ. ಟ್ಯಾಂಕಿನಲ್ಲಿ ಮೊದಲೇ ನೀರಿದ್ದ ದಿನ ಬೀದಿ ನೆನೆದ ಮೇಲೆ ನಿಲ್ಲುತ್ತದೆ. ಟೈಮರಿಗೆ ಗಡಿಯಾರವಿದೆ, ಕಣ್ಣಿಲ್ಲ. ಆದರೂ ಮೂಲೆಮನೆಯವರು ತಮ್ಮದು ಆಟೋಮ್ಯಾಟಿಕ್ ಎಂದು ಹೇಳಿಕೊಳ್ಳುವುದನ್ನು ಬಿಟ್ಟಿಲ್ಲ.

ಕಣ್ಣಿದ್ದರೂ ಸಾಲದು ಎಂಬುದು ಮದುವೆಮನೆಯ ಪಂಕ್ತಿಯಲ್ಲಿ ಕೂತರೆ ತಿಳಿಯುತ್ತದೆ. ಹುಳಿ ಬಡಿಸುವ ಹುಡುಗ ಓಡುತ್ತಲೇ ಬಡಿಸುತ್ತಾನೆ. ನೀವು "ಸಾಕು" ಎನ್ನುವ ಹೊತ್ತಿಗೆ ಸೌಟು ಬಗ್ಗಿ ಆಗಿರುತ್ತದೆ. ನಿಮ್ಮ ಮಾತು ಅವನ ಕಿವಿಗೆ ಬಿದ್ದು, ಕಿವಿಯಿಂದ ಕೈಗೆ ಇಳಿಯುವಷ್ಟರಲ್ಲಿ ಎಲೆಯ ಮೇಲೆ ಇನ್ನೊಂದು ಸೌಟು. ಪಂಕ್ತಿಯಲ್ಲಿ ಪಳಗಿದವರು ಹುಡುಗ ಎರಡು ಎಲೆ ಆಚೆ ಇರುವಾಗಲೇ ಕೈ ಅಡ್ಡ ಹಿಡಿದಿರುತ್ತಾರೆ. ಹೇಳಿದ್ದಕ್ಕೂ ಆಗುವುದಕ್ಕೂ ನಡುವಿನ ಈ ತಡಕ್ಕೆ ಇಂಜಿನಿಯರುಗಳು ಡೆಡ್ ಟೈಮ್ ಎಂದು ಹೆಸರಿಟ್ಟಿದ್ದಾರೆ. ತಿದ್ದುವ ಯಂತ್ರಗಳು ಹಾದಿ ತಪ್ಪುವುದಕ್ಕೆ ಒಂದು ದೊಡ್ಡ ಕಾರಣ ಇದೇ.

ಈ ತಡದ ಲೆಕ್ಕ ಚೆನ್ನಾಗಿ ಗೊತ್ತಿದ್ದವನು ನಮ್ಮ ಕಡೆಯ ನೀರುಗಂಟಿ. ಕೆರೆಯ ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ನೀರು ಎಂದು ನೋಡಿಕೊಳ್ಳುವುದು ಅವನ ಕೆಲಸ. ಸುಗ್ಗಿಯಲ್ಲಿ ಕಣದಲ್ಲೇ ಅಳೆದು ಕೊಡುವ ಧಾನ್ಯ ಅವನ ಸಂಬಳ. ತೂಬಿನಿಂದ ಬಿಟ್ಟ ನೀರು ಕಾಲುವೆ ಹಿಡಿದು ಕೊನೆಯ ಗದ್ದೆ ಮುಟ್ಟಲು ಹೊತ್ತು ಬೇಕು. ಆ ಗದ್ದೆ ತುಂಬುವ ತನಕ ಕಾದು ಆಮೇಲೆ ತೂಬು ಮುಚ್ಚಿದರೆ, ಕಾಲುವೆಯಲ್ಲಿ ಆಗಲೇ ಹೊರಟಿರುವ ನೀರು ಹಳ್ಳದ ಪಾಲು. ಆದ್ದರಿಂದ ಅವನು ಗದ್ದೆ ಇನ್ನೂ ತುಂಬದಿರುವಾಗಲೇ ಏರಿಯ ಕಡೆ ಹೆಜ್ಜೆ ಹಾಕಬೇಕು. ನೋಡಿದವರಿಗೆ ಇವನೇನು ಕೆಲಸ ಬಿಟ್ಟು ಹೊರಟ ಎನ್ನಿಸಬೇಕು, ಹಾಗೆ. ಮಳೆಗಾಲ ಕಳೆದ ಮೇಲೆ ಕೆರೆಯಲ್ಲಿ ಎಷ್ಟು ನಿಂತಿದೆ ಎಂದು ನೋಡಿ, ಈ ಸಲ ಭತ್ತವೋ ರಾಗಿಯೋ ಎಂದು ಊರೇ ಕೂತು ತೀರ್ಮಾನಿಸುವುದು, ನೋಡಿ ತಿದ್ದುವ ಇದಕ್ಕಿಂತ ದೊಡ್ಡ, ನಿಧಾನದ ಸುತ್ತು. ಈಗ ನಮ್ಮ ಕಡೆ ಕೆರೆ ಕೋಡಿ ಬಿದ್ದರೆ ಅದು ಪೇಪರಿನ ಸುದ್ದಿ. ಬಾಗಿನ ಬಿಡಲು ಜನಪ್ರತಿನಿಧಿಗಳು ಬರುತ್ತಾರೆ, ತೂಬಿನ ಹತ್ತಿರ ಯಾರೂ ಹೋಗುವುದಿಲ್ಲ.

ದೇವನಹಳ್ಳಿ ದಾಟಿ ನಂದಿಬೆಟ್ಟದ ಕಡೆ ಹೋದರೆ ಮುದ್ದೇನಹಳ್ಳಿ ಸಿಗುತ್ತದೆ. ಜಿಲ್ಲೆ ಬೇರೆಯಾದರೂ ಗಾಳಿ, ಕೆರೆ, ಭಾಷೆ ಎಲ್ಲ ನಮ್ಮದೇ. ಅಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು 1903ರಲ್ಲಿ ಪುಣೆ ಹತ್ತಿರದ ಖಡಕ್‌ವಾಸ್ಲಾ ಜಲಾಶಯಕ್ಕೆ ಹಾಕಿಸಿದ ಸ್ವಯಂಚಾಲಿತ ಬಾಗಿಲುಗಳು ಪ್ರಸಿದ್ಧ. ನೀರು ಗೊತ್ತುಮಾಡಿದ ಮಟ್ಟ ಮೀರಿದರೆ ಬಾಗಿಲು ತಾನೇ ತೆರೆದುಕೊಳ್ಳುತ್ತಿತ್ತು. ಪ್ರವಾಹ ಇಳಿದ ಮೇಲೆ ತಾನೇ ಮುಚ್ಚಿಕೊಳ್ಳುತ್ತಿತ್ತು. ಕರೆಂಟಿಲ್ಲ, ಚಿಪ್ಪಿಲ್ಲ, ಯಾವ ನೀರನ್ನು ಅಳೆಯಬೇಕೋ ಆ ನೀರಿಂದಲೇ ಕೆಲಸ ತೆಗೆಯುವ ಉಪಾಯ. ಆಮೇಲೆ ಗ್ವಾಲಿಯರಿನ ತಿಗ್ರಾ ಅಣೆಕಟ್ಟಿಗೂ ನಮ್ಮ ಕೃಷ್ಣರಾಜಸಾಗರಕ್ಕೂ ಈ ಬಾಗಿಲುಗಳು ಬಂದವು. ಪೇಟೆಂಟು ಪಡೆದಿದ್ದರೂ ವಿಶ್ವೇಶ್ವರಯ್ಯನವರು, ತಾವು ನೌಕರಿಯಲ್ಲಿರುವ ಕಾಮಗಾರಿಗೆ ರಾಯಲ್ಟಿ ತೆಗೆದುಕೊಳ್ಳುವುದಿಲ್ಲ ಎಂದುಬಿಟ್ಟರು. ಕೆರೆ ಏರಿ ಮೇಲೆ ಓಡಾಡಿ ಬೆಳೆದ ಹುಡುಗನಿಗೆ ಇಂಥ ಯೋಚನೆ ಹೊಳೆದದ್ದರಲ್ಲಿ ಆಶ್ಚರ್ಯವೇನೂ ಇಲ್ಲ ಎಂದು ನಮ್ಮ ಕಡೆಯವರ ನಂಬಿಕೆ. ಅದನ್ನು ಪುರಾವೆ ಕೇಳಿ ಯಾರೂ ಹಾಳುಮಾಡಬಾರದು.

ಇನ್ನು ನಮ್ಮೂರಿನ ಮಗ್ಗದ ವಿಚಾರ. ದೊಡ್ಡಬಳ್ಳಾಪುರದಲ್ಲಿ ಪವರ್‌ಲೂಮಿನ ಸದ್ದಿಲ್ಲದ ಬೀದಿ ಹುಡುಕಬೇಕು. ಸದ್ದು ನಿಂತರೆ ನಮಗೆ ಎಚ್ಚರವಾಗುತ್ತದೆ. ಲಾಳಿ ಅತ್ತಿಂದಿತ್ತ ಹಾರುವಾಗ ಹೊಕ್ಕಿನ ಎಳೆ ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡುವುದಕ್ಕೆ ಮಗ್ಗದ ಪಕ್ಕದಲ್ಲಿ ಒಂದು ಪುಟ್ಟ ಕಬ್ಬಿಣದ ಮುಳ್ಳು ಇರುತ್ತದೆ. ಎಳೆ ಇದ್ದರೆ ಅದು ಮುಳ್ಳನ್ನು ತಳ್ಳುತ್ತದೆ, ಮಗ್ಗ ಓಡುತ್ತದೆ. ಎಳೆ ಹರಿದಿದ್ದರೆ ಮುಳ್ಳನ್ನು ತಳ್ಳುವವರಿಲ್ಲ. ಮುಳ್ಳು ಕೊಕ್ಕೆಗೆ ಸಿಕ್ಕಿಕೊಂಡು ಮಗ್ಗವನ್ನೇ ನಿಲ್ಲಿಸುತ್ತದೆ. ಉಗುರಿನಷ್ಟು ಕಬ್ಬಿಣ ಇಡೀ ಮಗ್ಗದ ಬಾಯಿ ಮುಚ್ಚಿಸುವುದನ್ನು ನೋಡುವುದೇ ಒಂದು ಸೊಗಸು. ಆದರೆ ಅದಕ್ಕೆ ಗೊತ್ತಿರುವುದು ನಿಲ್ಲಿಸುವುದೊಂದೇ. ಎಳೆ ಗಂಟುಹಾಕಿ ಮತ್ತೆ ಓಡಿಸುವುದಕ್ಕೆ ನೇಕಾರರೇ ಏಳಬೇಕು.

ಇಷ್ಟೆಲ್ಲ ನನ್ನ ತಲೆಗೆ ಹತ್ತಿದ್ದು ನಮ್ಮಕ್ಕನ ಮಗನ ದೆಸೆಯಿಂದ. ಅಕ್ಕನ ಊರು ದೇವನಹಳ್ಳಿ ಕಡೆಯ ವಿಜಯಪುರದ ಆಚೆ. ಅದು ರೇಷ್ಮೆ ಸೀಮೆ. ಗೂಡಿನ ಮಾರುಕಟ್ಟೆಯ ರೇಟು ಅಲ್ಲಿ ಚಿನ್ನದ ರೇಟಿಗಿಂತ ಮುಂಚೆ ಮನೆ ಮುಟ್ಟುತ್ತದೆ. ಅಕ್ಕ ಬೈವೋಲ್ಟಿನ್ ಹುಳ ಮೇಯಿಸುತ್ತಾಳೆ. ಹಳೆಯ ಮಿಶ್ರತಳಿ ಹುಳ ಗಟ್ಟಿ ಜೀವ. ಬಿಸಿಲಿಗೂ ಚಳಿಗೂ ಜಗ್ಗುತ್ತಿರಲಿಲ್ಲ. ಬೈವೋಲ್ಟಿನ್ ಗೂಡು ಬೆಳ್ಳಗೆ, ರೇಷ್ಮೆ ಚೆನ್ನ, ಬೆಲೆಯೂ ಚೆನ್ನ. ಆದರೆ ಹುಳ ಮಾತ್ರ ದೊಡ್ಡಮನೆಯಲ್ಲಿ ಹುಟ್ಟಿದ ಪೈಕಿ. ಬೆಳವಣಿಗೆಯ ಮೂರನೇ ಹಂತಕ್ಕೆ ಶಾಖ 26 ಡಿಗ್ರಿ, ತೇವಾಂಶ ನೂರಕ್ಕೆ 80. ನಾಲ್ಕನೆಯದಕ್ಕೆ 25 ಡಿಗ್ರಿ, 75. ಐದನೆಯದಕ್ಕೆ 24 ಡಿಗ್ರಿ, 70 ಎಂದು ಪುಸ್ತಕದಲ್ಲಿದೆ. ಏಪ್ರಿಲ್ ಮಧ್ಯಾಹ್ನ ಗಾಳಿಯಲ್ಲಿ ಪಸೆಯೇ ಇರುವುದಿಲ್ಲ, ಸೊಪ್ಪು ಹಾಕಿದ ಹೊತ್ತಿಗೇ ಮುರುಟುತ್ತದೆ. ಡಿಸೆಂಬರ್ ರಾತ್ರಿ ನಂದಿಬೆಟ್ಟದ ಕಡೆಯ ಚಳಿ ಕಿಟಕಿ ಸಂದಿಯಿಂದ ಬರುತ್ತದೆ. ಅಕ್ಕ ಇಷ್ಟು ವರ್ಷ ಕಿಟಕಿಗೆ ಗೋಣಿತಾಟು ನೆನೆಸಿ ಕಟ್ಟಿ, ಚಳಿಗೆ ಇದ್ದಿಲ ಒಲೆ ಇಟ್ಟು, ರಾತ್ರಿ ಎದ್ದೆದ್ದು ನೋಡಿ ಬೆಳೆ ತೆಗೆದವಳು. ಮಗನಿಗೆ ತಾಯಿಯ ನಿದ್ದೆ ಉಳಿಸಬೇಕು ಎನ್ನಿಸಿತು. ಇಂಜಿನಿಯರಿಂಗ್ ಕೊನೆ ವರ್ಷಕ್ಕೆ ಪ್ರಾಜೆಕ್ಟೂ ಒಂದು ಬೇಕಿತ್ತು.

ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಒಂದು ಚೀಲ ಸಾಮಾನು ತಂದ. ಆರ್ಡುಯಿನೊ ಎಂಬ ಹಸ್ತದಗಲದ ಹಲಗೆ, ತೇವ ಮತ್ತು ಶಾಖ ಅಳೆಯುವ ಡಿಎಚ್‌ಟಿ22 ಎಂಬ ಬಿಳಿ ಸೆನ್ಸರು, ಹೀಟರು, ಫ್ಯಾನುಗಳನ್ನು ಹಾಕಿ ತೆಗೆಯುವ ರಿಲೇಗಳು, ಎಲೆಕ್ಟ್ರಿಕಲ್ ಅಂಗಡಿಯ ಪ್ಲಾಸ್ಟಿಕ್ ಡಬ್ಬಿ. ಆರ್ಡುಯಿನೊ 2005ರಲ್ಲಿ ಇಟಲಿಯ ಇವ್ರೆಯಾ ಎಂಬ ಊರಿನಲ್ಲಿ, ಡಿಸೈನ್ ಕಲಿಯುವ ಮಕ್ಕಳಿಗೆ ಸುಲಭವಾಗಲಿ ಎಂದು ಹುಟ್ಟಿದ್ದು. ಅದರ ಊನೊ ಹಲಗೆಯ ಚಿಪ್ಪಿನಲ್ಲಿ ಕೆಲಸಕ್ಕೆ ಸಿಗುವ ನೆನಪು 2 ಕಿಲೋಬೈಟು. ಕಂಪ್ಯೂಟರಿನಲ್ಲಿ ಕನ್ನಡದ ಒಂದೊಂದು ಅಕ್ಷರಚಿಹ್ನೆಗೂ ಸಾಮಾನ್ಯವಾಗಿ ಮೂರು ಬೈಟು ಬೇಕು. ಅಂದರೆ ಈ ಪ್ರಬಂಧದ ಒಂದು ದೊಡ್ಡ ಪ್ಯಾರಾ ಕೂಡ ಅದರ ತಲೆಯಲ್ಲಿ ನಿಲ್ಲುವುದಿಲ್ಲ. ಹುಳದ ಮನೆ ಕಾಯಲು ಅಷ್ಟು ಧಾರಾಳ ಸಾಕಂತೆ. ಸಾಹಿತ್ಯಕ್ಕಿಂತ ಕಡಿಮೆ ನೆನಪಿನಲ್ಲಿ ಸಂಸಾರ ನಡೆಯುತ್ತದೆ ಎಂದು ನಾನು ಸಮಾಧಾನ ತಂದುಕೊಂಡೆ.

ಮೊದಲ ಪರೀಕ್ಷೆ ಡಬ್ಬಿ ಗೋಡೆಗೆ ಹತ್ತಿದ ದಿನವೇ ನಡೆಯಿತು. ಅಕ್ಕ ಸೊಪ್ಪಿನ ಹೊರೆ ಇಳಿಸಿ ನೋಡಿದಳು. "ಇದೇನ್ ಮಗಾ, ಗೋಡೆಗೆ ಅಂಟಿಸಿದ್ದೀಯ? ಹುಳ ಏನ್ ಗೋಡೆ ಮೇಲೆ ಮೇಯ್ತವಾ?" ಹುಡುಗ ಮಾತಾಡದೆ ಸೆನ್ಸರಿಗೆ ಉದ್ದ ತಂತಿ ಹಾಕಿ, ನಡುವಿನ ಸ್ಟ್ಯಾಂಡಿನಲ್ಲಿ ಹುಳ ಇರುವ ಎತ್ತರಕ್ಕೆ ಇಳಿಬಿಟ್ಟ. ಕಿಟಕಿ ಪಕ್ಕದ ಗೋಡೆಗೂ ಹಾಸಿದ ಸೊಪ್ಪಿನ ನಡುವಿಗೂ ತೇವಾಂಶದಲ್ಲಿ ಎಷ್ಟೋ ಅಂತರ. ಮಂಜು ಉಗುಳುವ ಫಾಗರಿನ ಬಾಯಿಗೆ ಹತ್ತಿರವಿಟ್ಟರೆ ಸೆನ್ಸರು ನೆನೆದು 99.9 ಎಂದು ಹೇಳಿ ಅಲ್ಲೇ ಕೂತುಬಿಡುತ್ತದೆ. ಆಚೆ ಕೋಣೆ ಒಣಗಿ ಬೆಂಡಾದರೂ ಅದರ ಪ್ರಕಾರ ಜಡಿಮಳೆ. ಕಂಟ್ರೋಲರಿಗೆ ಜಗತ್ತು ಎಂದರೆ ಆ ಸೆನ್ಸರು ಹೇಳಿದ್ದಷ್ಟೇ. ಅದು ಸುಳ್ಳು ಹೇಳಿದರೆ ಇದು ಶ್ರದ್ಧೆಯಿಂದ, ಒಂದು ನಿಮಿಷವೂ ಬಿಡದೆ, ತಪ್ಪು ಕೆಲಸ ಮಾಡುತ್ತದೆ.

ಎರಡನೆಯದು ರಿಲೇಯ ಪೇಚಾಟ. 75ಕ್ಕಿಂತ ಕಡಿಮೆಯಾದರೆ ಫಾಗರ್ ಹಾಕು, 75 ಮುಟ್ಟಿದರೆ ತೆಗೆ ಎಂದು ಬರೆದಿದ್ದ. 74.9ಕ್ಕೆ ಟಕ್, 75ಕ್ಕೆ ಟಿಕ್, ಮತ್ತೆ ಟಕ್. ನೇಕಾರರ ಊರಿನವನಾದ ನನಗೆ ಹಿತವಾಗಿಯೇ ಇತ್ತು, ಆದರೆ ರಿಲೇ ಹೀಗೆ ಬಡಿದುಕೊಂಡರೆ ಅದರ ಕಾಂಟ್ಯಾಕ್ಟು ಸುಟ್ಟುಹೋಗುತ್ತದೆ. ಪರಿಹಾರ ಸುಲಭ: 72ಕ್ಕೆ ಹಾಕು, 76ಕ್ಕೆ ತೆಗೆ, ನಡುವೆ ಸುಮ್ಮನಿರು. ಸಣ್ಣ ತಪ್ಪನ್ನು ಕಂಡೂ ಕಾಣದಂತಿರುವ ಈ ನಡುವಿನ ಜಾಗಕ್ಕೆ ಹಿಸ್ಟೆರಿಸಿಸ್ ಎನ್ನುತ್ತಾರೆ. ಕೂಡುಕುಟುಂಬ ನಡೆಸಿದ ಹೆಂಗಸರಿಗೆ ಇದನ್ನು ಬೇರೆ ಹೇಳಿಕೊಡಬೇಕಾಗಿಲ್ಲ. ತಡದ ಕಾಟ ಇದ್ದೇ ಇತ್ತು: ಫಾಗರ್ ನಿಂತ ಮೇಲೂ ಗಾಳಿಯಲ್ಲಿರುವ ಹನಿ ಆರುತ್ತಾ ತೇವಾಂಶ ಏರುತ್ತಲೇ ಹೋಗುತ್ತದೆ; ಹೀಟರ್ ಆಫ್ ಮಾಡಿದ ಮೇಲೂ ಅದರ ಕಾಯಿಲ್ ಕೆಂಪಗೇ ಇರುತ್ತದೆ. ತೇವ ಇಳಿಸೋಣವೆಂದು ಫ್ಯಾನ್ ಹಾಕಿದರೆ ಶಾಖವೂ ಇಳಿಯುತ್ತದೆ. ಎಲ್ಲ ಮುಚ್ಚಿ ತೇವ ಹಿಡಿದಿಡೋಣವೆಂದರೆ ಐದನೇ ಹಂತದ ಹುಳಕ್ಕೆ ಉಸಿರುಕಟ್ಟುತ್ತದೆ. ಒಂದು ಮೂಲೆ ಎಳೆದರೆ ಇನ್ನೊಂದು ಮೂಲೆ ಜಾರುವ ಬಾಬತ್ತು.

ಹುಡುಗನಿಗೆ ಇಲ್ಲಿ ಪಿಐಡಿ ಹಾಕುವ ಹುರುಪು ಬಂತು. ಈಗ ಎಷ್ಟು ತಪ್ಪಿದೆ, ಇಲ್ಲಿಯವರೆಗೆ ಎಷ್ಟು ತಪ್ಪು ಕೂಡಿಬಿದ್ದಿದೆ, ತಪ್ಪು ಯಾವ ಕಡೆ ಹೊರಟಿದೆ, ಈ ಮೂರನ್ನೂ ತೂಗಿ ಎಷ್ಟು ತಿದ್ದಬೇಕೆಂದು ಲೆಕ್ಕ ಹಾಕುವ ಸೂತ್ರ ಅದು. ನಿಕೊಲಸ್ ಮಿನೋರ್‌ಸ್ಕಿ ಎಂಬಾತ ಹಡಗಿನ ಚುಕ್ಕಾಣಿ ಹಿಡಿಯುವವರ ಕೈಚಳಕವನ್ನು ಗಮನಿಸಿ 1922ರಲ್ಲಿ ಅದನ್ನು ಗಣಿತಕ್ಕೆ ಇಳಿಸಿದ. ಅನುಭವಿ ನಾವಿಕ ಹಡಗು ದಾರಿ ತಪ್ಪಿದ ಮೇಲೆ ಚಕ್ರ ತಿರುಗಿಸುವುದಿಲ್ಲ. ತಪ್ಪಲು ಹೊರಟಾಗಲೇ ತಿರುಗಿಸಿರುತ್ತಾನೆ. ಅಂದರೆ ನಮ್ಮ ನೀರುಗಂಟಿಯ ಸಮುದ್ರದ ಕಡೆಯ ನೆಂಟ. ಅಕ್ಕನ ಊರಿನ ಮೇಲೆ ವಿಮಾನ ಹಾರುವುದು ಈಗ ಮಾಮೂಲು. 2008ರ ಮೇ ತಿಂಗಳಲ್ಲಿ ದೇವನಹಳ್ಳಿ ವಿಮಾನ ನಿಲ್ದಾಣ ಶುರುವಾದ ಮೇಲೆ ಅಲ್ಲಿನ ಹುಳಗಳೂ ಅದಕ್ಕೆ ಒಗ್ಗಿಕೊಂಡಿವೆ. ಆ ವಿಮಾನ ಎತ್ತರ ಕಾಯ್ದುಕೊಳ್ಳುವುದೂ ಇದೇ ಜಾತಿಯ ಲೆಕ್ಕದಿಂದ ಎಂದು ಹುಡುಗ ಕೈ ಮೇಲೆತ್ತಿ ತೋರಿಸಿದ. "ಹುಳದ ಮನೆಗೂ ಅದೇ ಬೇಕಾ?" ಎಂದೆ. "ಬೇಡ ಮಾಮ, ಆನ್-ಆಫೇ ಸಾಕು. ಇಂಟರ್‌ವ್ಯೂನಲ್ಲಿ ಪಿಐಡಿ ಕೇಳ್ತಾರೆ" ಎಂದ. ಮೇಲಾಗಿ ನಮ್ಮ ಕಡೆಯ ಕರೆಂಟಿಗೆ ಅದು ಒಗ್ಗುವುದೂ ಕಷ್ಟ. ಡಬ್ಬಿ ಬ್ಯಾಟರಿಯಲ್ಲಿ ಓಡುತ್ತಾ, ಹೀಟರಿಗೆ ಮಾತ್ರ ಕರೆಂಟಿಲ್ಲದಿದ್ದರೆ ಕೂಡಿಬೀಳುವ ತಪ್ಪಿನ ಬಾಕಿ ಬೆಳೆಯುತ್ತಲೇ ಹೋಗುತ್ತದೆ. ಕರೆಂಟು ಬಂದ ಕೂಡಲೇ ಅಷ್ಟೂ ಬಾಕಿಯನ್ನು ಬಡ್ಡಿಸಮೇತ ತೀರಿಸಲು ಹೊರಟು ಮನೆಯನ್ನು ಕಾಯಿಸಿಬಿಡುತ್ತದೆ. ಬಾಕಿಗೆ ಒಂದು ಮಿತಿ ಹಾಕಿಡಬೇಕು ಎಂದು ಪುಸ್ತಕಗಳು ಎಚ್ಚರಿಸುವುದು ಇದಕ್ಕೇ.

ಕರೆಂಟಿನ ಮಾತು ಬಂದದ್ದರಿಂದ ಬೋರ್‌ವೆಲ್ಲಿನ ಆಟೋ ಸ್ಟಾರ್ಟರ್ ಬಗ್ಗೆಯೂ ಹೇಳಿಬಿಡಬೇಕು. ತ್ರೀ ಫೇಸ್ ಯಾವಾಗ ಬರುತ್ತದೋ ಎಂದು ರಾತ್ರಿ ತೋಟದಲ್ಲಿ ಕಾಯುವ ಕಷ್ಟ ಕಂಡವರೇ ಅದನ್ನು ಹಾಕಿಸಿಕೊಂಡದ್ದು. ಕರೆಂಟು ಬಂದರೆ ಮೋಟಾರು ತಾನೇ ಏಳುತ್ತದೆ. ಒಬ್ಬನ ಹತ್ತಿರ ಇರುವ ತನಕ ಚೆನ್ನಾಗಿತ್ತು. ಟೀಸಿ ಎಂದು ನಾವು ಕರೆಯುವ ಟ್ರಾನ್ಸ್‌ಫಾರ್ಮರಿನ ಕೆಳಗಿನ ಎಲ್ಲರೂ ಹಾಕಿಸಿದ ಮೇಲೆ, ಕರೆಂಟು ಬಂದ ಕ್ಷಣಕ್ಕೆ ಎಲ್ಲ ಮೋಟಾರೂ ಒಟ್ಟಿಗೆ ಎದ್ದವು. ಏಳುವಾಗ ಮೋಟಾರು ಓಡುವಾಗಿನ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಟೀಸಿ ಢಂ. ಒಂದೊಂದು ಡಬ್ಬಿಯೂ ತನ್ನ ಪಾಲಿನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು. ಪಕ್ಕದ ತೋಟ ಇದೆ ಎಂಬುದು ಯಾವುದಕ್ಕೂ ಗೊತ್ತಿರಲಿಲ್ಲ. ಒಬ್ಬೊಬ್ಬರು ಒಂದೊಂದು ನಿಮಿಷ ಬಿಟ್ಟು ಮೋಟಾರು ಏಳುವಂತೆ ಟೈಮರ್ ತಿರುಗಿಸಿಕೊಂಡರೆ ಮುಗಿಯಿತು. ಆದರೆ ಅದಕ್ಕೆ ಮೊದಲು ಎಲ್ಲರೂ ಒಂದು ಕಟ್ಟೆಯ ಮೇಲೆ ಕೂತು, ಯಾರು ಮೊದಲು, ಯಾರು ಕೊನೆ ಎಂದು ಒಪ್ಪಬೇಕು. ಅದಕ್ಕಿನ್ನೂ ಚಿಪ್ಪು ಬಂದಿಲ್ಲ.

ಮತ್ತೆ ಹುಳದ ಮನೆಗೆ. ಮರಿಹುಳ ಸಾಕುವ ಚಾಕಿ ಕೇಂದ್ರದಿಂದ ಎರಡನೇ ಜ್ವರ ಎದ್ದ ಹುಳ ತರುವುದು ನಮ್ಮ ಕಡೆ ರೂಢಿ. ಹುಳ ಪೊರೆ ಬಿಡುವುದಕ್ಕೆ ರೈತರು ಜ್ವರ ಎನ್ನುತ್ತಾರೆ. ಆಗ ಹುಳ ಮೇಯುವುದು ಬಿಟ್ಟು, ತಲೆ ಎತ್ತಿಕೊಂಡು, ಅಲ್ಲಾಡದೆ ಕೂರುತ್ತದೆ. ಆ ಹೊತ್ತಿನಲ್ಲಿ ಹಾಸು ಒಣಗಿರಬೇಕು, ಗಾಳಿ ಆಡಬೇಕು. ಸುಣ್ಣದ ಪುಡಿ ಉದುರಿಸುತ್ತಾರೆ. ಡಬ್ಬಿ ಇರುವುದೇ ತೇವ ಕಾಯುವುದಕ್ಕೆ. ಮೂರನೇ ಜ್ವರ ಕಾಣಿಸಿಕೊಂಡ ಬೆಳಗ್ಗೆ ಅದು ಎಂದಿನ ಶ್ರದ್ಧೆಯಿಂದ ಮಂಜು ಬಿಡುತ್ತಿತ್ತು. ಅಕ್ಕ ಸೊಪ್ಪು ಸರಿಸಿ ನೋಡಿದವಳೇ ಕೂಗಿದಳು: "ಹುಳ ಜ್ವರಕ್ಕೆ ಬಿದ್ದೈತೆ ಕಣೋ, ನಿಲ್ಸು ಅದ್ರ ನೀರು!" ಹುಡುಗ ಆ ಮನೆಯಲ್ಲೇ ಬೆಳೆದವನು, ಅವನಿಗೆ ಜ್ವರ ಗೊತ್ತಿತ್ತು. ಅವನ ಡಬ್ಬಿಗೆ ಗೊತ್ತಿರಲಿಲ್ಲ. ಶಾಖವನ್ನೂ ತೇವವನ್ನೂ ಎಷ್ಟು ಅಳೆದರೂ ಹುಳ ಮೇಯುತ್ತಿದೆಯೋ ಬಿಟ್ಟಿದೆಯೋ ತಿಳಿಯುವುದಿಲ್ಲ.

ಹುಡುಗ ಕ್ಯಾಮೆರಾ ಇಡುತ್ತೇನೆ ಎಂದ, ಎಐ ಎಂದ, ಹುಳದ ತಲೆ ಎಣಿಸುವ ಪ್ರೋಗ್ರಾಮು ಎಂದ. ಅಕ್ಕ ಸುಣ್ಣದ ಕೈ ಸೆರಗಿಗೆ ಒರೆಸಿಕೊಳ್ಳುತ್ತಾ ಕೇಳಿಸಿಕೊಂಡಳು. "ಅದ್ಯಾಕೆ ಅಷ್ಟು ದುಡ್ಡು? ಸೊಪ್ಪು ಹಾಕಾಕೆ ನಾನು ದಿನಾ ಬತ್ತೀನಲ್ಲ, ನೋಡಿ ಹೇಳ್ತೀನಿ ತಗಾ." ಹಾಗೆ ಡಬ್ಬಿಗೊಂದು ಹಸಿರು ಬಟನ್ ಬಂತು. ಅದರ ಮೇಲೆ ಬಿಳಿ ಟೇಪು ಅಂಟಿಸಿ ಪೆನ್ನಿನಲ್ಲಿ 'ಜ್ವರ' ಎಂದು ಬರೆದಿದ್ದಾನೆ. ಅಕ್ಕ ಅದನ್ನು ಒತ್ತಿದರೆ ಫಾಗರ್ ಸುಮ್ಮನಾಗಿ ಫ್ಯಾನ್ ಮೆಲ್ಲಗೆ ತಿರುಗುತ್ತದೆ; ಹುಳವೆಲ್ಲ ಜ್ವರ ಎದ್ದ ಮೇಲೆ ಇನ್ನೊಮ್ಮೆ ಒತ್ತಿದರೆ ಡಬ್ಬಿ ಮುಂದಿನ ಹಂತದ ಲೆಕ್ಕಕ್ಕೆ ಹೋಗುತ್ತದೆ. ಮೂರನೇ ಜ್ವರ, ನಾಲ್ಕನೇ ಜ್ವರ, ಬೆಳೆಗೆ ಎರಡೇ ಸಲ ಅದರ ಉಪಯೋಗ. ಇಡೀ ಡಬ್ಬಿಯಲ್ಲಿ ಅತಿ ಅಗ್ಗದ ಸಾಮಾನು ಅದೇ. ಕಾಲೇಜಿನ ಪರೀಕ್ಷಕರು ಮಾತ್ರ ಅದನ್ನು ನೋಡಿ, ಇದು ಪೂರ್ತಿ ಆಟೋಮ್ಯಾಟಿಕ್ ಆಗಲಿಲ್ಲವಲ್ಲ ಎಂದರಂತೆ. ಬೆಳೆ ನೋಡಿದ್ದರೆ ಹಾಗೆನ್ನುತ್ತಿರಲಿಲ್ಲ.

ಹೇಳಿದ ಮಟ್ಟವನ್ನು ಹಿಡಿದು ನಿಲ್ಲಿಸುವುದರಲ್ಲಿ ಯಂತ್ರ ನಮಗಿಂತ ಮೇಲು. ಅದಕ್ಕೆ ನಿದ್ದೆಯಿಲ್ಲ, ಪೇಪರ್ ಓದುವ ಚಟವಿಲ್ಲ. ಆದರೆ ಆ ಮಟ್ಟ ಎಷ್ಟಿರಬೇಕು, ಇವತ್ತಿನ ಸಾಕು ನಾಳೆಗೂ ಸಾಕೇ ಎಂಬುದನ್ನು ಹುಳ ಬಲ್ಲವರು, ಕೆರೆ ಬಲ್ಲವರು ಹೇಳಬೇಕು. ಆದ್ದರಿಂದ ಇಂಥ ಡಬ್ಬಿ ಮಾಡಲು ಹೊರಟಿರುವ ಹುಡುಗ ಹುಡುಗಿಯರಲ್ಲಿ ನನ್ನ ವಿನಂತಿ ಇಷ್ಟು. ಸೆನ್ಸರನ್ನು ಹುಳ ಇರುವ ಕಡೆ ಇಡಿ, ಗೋಡೆ ಅನುಕೂಲವಾಗಿದೆ ಎಂದು ಗೋಡೆಗೆ ಹೊಡೆಯಬೇಡಿ. ಹಾಕುವುದಕ್ಕೂ ತೆಗೆಯುವುದಕ್ಕೂ ನಡುವೆ ಸ್ವಲ್ಪ ಜಾಗ ಬಿಡಿ. ರಾತ್ರಿ ಆ ಮನೆಗೆ ಹೋಗುವವರು ಯಾರೋ ಅವರ ಕೈಗೆ ಎಟುಕುವಷ್ಟು ಎತ್ತರದಲ್ಲಿ, ಅವರು ಓದುವ ಅಕ್ಷರದಲ್ಲಿ ಹೆಸರು ಬರೆದು, ಒಂದು ಸ್ವಿಚ್ಚು ಹಾಕಿ. ಹಾಕುವ ಮುಂಚೆ ಅವರನ್ನು ಒಂದು ಮಾತು ಕೇಳಿ.